ಬಾಗಿಲು ತೆಗೆದವರು

ನವೆಂಬರ್ 4, ಮಂಗಳವಾರ

ನಿವೃತ್ತಿಯಾಗಿ ಮೂರು ವರ್ಷದ ಮೇಲೆ ಇವತ್ತು ನಮ್ಮ ಮನೆಯ ಮುಂದೆ ಒಂದು ಬಿಳಿ ಕಾರು ನಿಂತಿತು. ಶಿಕಾರಿಪುರದ ಈ ಸಂದಿಗೆ ಅಷ್ಟು ದೊಡ್ಡ ಕಾರು ಬಂದರೆ ಒಂದೋ ಮದುವೆ ಕರೆಯೋಲೆ, ಇಲ್ಲವೇ ವಿಳಾಸ ತಪ್ಪಿದೆ ಎಂದರ್ಥ. ಇಳಿದವನು ತೊರೆಮರಡಿಯ ಮಲ್ಲೇಶಪ್ಪ. ಸೊರಬ ತಾಲ್ಲೂಕು, ಆನವಟ್ಟಿಯ ಆಚೆಯ ಊರು. ಜಿಲ್ಲಾ ಪಂಚಾಯ್ತಿಯ ಮಾಜಿ ಸದಸ್ಯ. ಹದಿನೈದು ವರ್ಷದಲ್ಲಿ ಮೂರು ಪಕ್ಷ ಕಂಡವನು. ಅವನ ಮನೆಯ ಪಡಸಾಲೆಯಲ್ಲಿ ನಾಯಕರ ಫೋಟೋ ನೇತುಹಾಕುವ ಮೊಳೆ ಒಂದೇ ಅಂತೆ, ಫೋಟೋ ಮಾತ್ರ ಆಗಾಗ ಬದಲಾಗುತ್ತದೆ.

ಅವನಿಗೆ ಈಗ ವಂಶಚರಿತ್ರೆ ಬೇಕಾಗಿದೆ. ಚುನಾವಣೆ ಬರುತ್ತಿದೆ, ಟಿಕೆಟ್ ಕೊಡುವವರಿಗೆ ಮನೆತನ ತೋರಿಸಬೇಕು. ಜನವರಿಯಲ್ಲಿ ದೊಡ್ಡ ಸಮಾರಂಭ, ಪುಸ್ತಕ ಬಿಡುಗಡೆ.

"ಶಾಸನ ಓದೋರು ಅಂದ್ರೆ ಈ ಸೀಮೆಗೆ ನೀವೊಬ್ರೇ ಶಿವರಾಮ್ ಸರ್. ನಮ್ದು ಏಳ್ನೂರು ವರ್ಷದ ನಿಯತ್ತಿನ ಮನೆತನ. ಅದನ್ನ ಸ್ವಲ್ಪ ಬರ್ದು ಕೊಡ್ರಿ."

ಕಲ್ಲು ಏನು ಹೇಳುತ್ತದೋ ಅದನ್ನೇ ಬರೆಯುತ್ತೇನೆ, ಒಂದಕ್ಷರ ಆಚೀಚೆ ಆಗುವುದಿಲ್ಲ ಎಂದೆ. "ಅದಕ್ಕೇ ಅಲ್ವೇನ್ರಿ ನಿಮ್ಮ ಹತ್ರ ಬಂದಿದ್ದು" ಎಂದು ಕೈ ಮುಗಿದ.

ಅವನು ಹೋದಮೇಲೆ ಗುತ್ಯಮ್ಮ ಲೋಟ ಎತ್ತಿಕೊಳ್ಳುತ್ತಾ, "ಇವತ್ತು ಯಾವ ಪಕ್ಷದಲ್ಲಿದಾರೆ ಅಂತ ಕೇಳ್ಕೊಂಡ್ರಾ? ಪುಸ್ತಕ ಮುಗಿಯೋದ್ರೊಳಗೆ ಮುನ್ನುಡಿ ಬದ್ಲಿ ಮಾಡ್ಬೇಕಾಗ್ತದೆ" ಎಂದಳು. ಮೂವತ್ತೈದು ವರ್ಷ ಇತಿಹಾಸದ ಮೇಷ್ಟರ ಜೊತೆ ಬಾಳಿದವಳು, ಮಾತಿಗೆ ಮೊನೆ ಇರುತ್ತದೆ.

ನವೆಂಬರ್ 9, ಭಾನುವಾರ

ಬಸ್ಸಿನಲ್ಲೇ ಹೋದೆ. ಕಾರು ಕಳಿಸುತ್ತೇನೆಂದ ಮಲ್ಲೇಶಪ್ಪನಿಗೆ ಬೇಡವೆಂದೆ. ಒಬ್ಬರ ಕಾರು ಹತ್ತಿದ ಇತಿಹಾಸಕಾರ ಅವರ ಮನೆಯ ಮುಂದೆಯೇ ಇಳಿಯಬೇಕಾಗುತ್ತದೆ. ಆನವಟ್ಟಿಯಲ್ಲಿ ಇಳಿದು, ಬೇರೆ ಬಸ್ಸು ಹಿಡಿದು, ಕೊನೆಗೊಂದು ಮೈಲಿ ನಡೆದೆ. ಮಂಡಿ ಸ್ವಲ್ಪ ಹಿಡಿದುಕೊಂಡಿದೆ. ಇರಲಿ, ಸತ್ಯಕ್ಕೆ ಅಷ್ಟು ಸುಂಕ ಕೊಡಬಹುದು.

ಗುಡಿಯ ಮುಂದೆ ಎರಡು ಶಾಸನ. ಎರಡೂ ಮಲ್ಲೇಶಪ್ಪನ ಪೂರ್ವಜ ಬೊಪ್ಪಗೌಡ ನಿಲ್ಲಿಸಿದವು. ಮೊದಲನೆಯದರಲ್ಲಿ ಅವನು ಹೊಯ್ಸಳರ ದೊರೆಯ ‘ಪಾದಪದ್ಮೋಪಜೀವಿ’, ಅಂದರೆ ಒಡೆಯನ ಪಾದಕಮಲವನ್ನೇ ನಂಬಿ ಬದುಕುವವನು. ಎರಡನೆಯದರಲ್ಲಿ ಸೇವುಣರ ದೊರೆಯ ಪಾದಪದ್ಮೋಪಜೀವಿ. ಹೊಯ್ಸಳರೂ ಸೇವುಣರೂ ಈ ಬನವಾಸಿ ನಾಡಿಗಾಗಿ ಹಾವು ಮುಂಗುಸಿಯಂತೆ ಕಾದಾಡುತ್ತಿದ್ದವರು. ಎರಡು ಕಲ್ಲುಗಳ ನಡುವೆ ಮೂರೇ ವರ್ಷ. ಪಾದ ಬದಲಾಗಿದೆ, ಪದ್ಮ ಮಾತ್ರ ಅದೇ. ನಿಂತಲ್ಲೇ ನಕ್ಕುಬಿಟ್ಟೆ.

ಅರ್ಥ ಬಿಡಿಸಿ ಹೇಳಿದರೆ ಮಲ್ಲೇಶಪ್ಪ ಸ್ವಲ್ಪವೂ ನಾಚಲಿಲ್ಲ. "ಅಂದ್ರೆ ಇಬ್ರೂ ರಾಜ್ರಿಗೂ ನಮ್ಮಜ್ಜ ಬೇಕಾಗಿದ್ದ ಅಂತಾತು!"

ನವೆಂಬರ್ 20, ಗುರುವಾರ, ಅಮಾವಾಸ್ಯೆ

ಇವತ್ತಿನದು ವಿವರವಾಗಿ ಬರೆಯಬೇಕು.

ಊರಾಚೆ ಗುಡ್ಡಮ್ಮ ಎಂಬವರ ಹೊಲದ ಬದುವಿನಲ್ಲಿ ಒಂದು ವೀರಗಲ್ಲಿದೆ. ‘ಅದು ನಮ್ಮ ಬೊಪ್ಪಗೌಡಂದೇ, ಯುದ್ಧದಾಗೆ ಸತ್ತದ್ದು’ ಎಂದು ಮಲ್ಲೇಶಪ್ಪ ಹೇಳಿದ್ದ. ನಾನು ಹೋದಾಗ ಗುಡ್ಡಮ್ಮನವರು ಕಲ್ಲಿಗೆ ಎಣ್ಣೆ ಹಚ್ಚುತ್ತಿದ್ದರು. ಎಪ್ಪತ್ತು ದಾಟಿದ ಜೀವ. ಜೊತೆಗೆ ಅವರ ಸೊಸೆ ನಯನ, ಊರಿನ ಅಂಗನವಾಡಿ ನಡೆಸುವವರು.

"ಈ ಕಲ್ಲಿಗೆ ಯಾಕಮ್ಮ ಪೂಜೆ ಮಾಡ್ತೀರಿ?" ಎಂದೆ.

"ನಮ್ಮತ್ತಿ ಮಾಡ್ತಿದ್ರು, ನಾನೂ ಮಾಡ್ತೀನಿ. ಯಾರ ಕಲ್ಲೋ ಗೊತ್ತಿಲ್ಲ ಸರ. ನಮ್ಮ ಮನಿ ತಪ್ಪಿಗೆ ಕಟ್ಟಿದ ದಂಡ ಅಂತಾರೆ ಊರಾಗ."

ಏನು ತಪ್ಪು ಎಂದು ಕೇಳಿದೆ. ನಯನ ಹೇಳಿದರು. ಯಾವುದೋ ಕಾಲದಲ್ಲಿ ಶತ್ರುಗಳು ಬಂದಾಗ ಊರು ಕಾಯುತ್ತಿದ್ದ ತಳವಾರನೇ ಕೋಟೆಯ ಬಾಗಿಲು ತೆಗೆದುಕೊಟ್ಟನಂತೆ. ಆ ತಳವಾರನ ವಂಶ ಇವರದು. ಅಂದಿನಿಂದ ಇವರ ಮನೆಗೆ ‘ಬಾಗಿಲು ತೆಗೆದೋರ ಮನೆ’ ಎಂದೇ ಹೆಸರು. ಜಗಳವಾದರೆ ಅದೇ ಬೈಗುಳ. ಮದುವೆ ಮಾತಿಗೆ ಬಂದವರ ಕಿವಿಗೂ ಯಾರಾದರೂ ಅದನ್ನೇ ಊದುತ್ತಾರೆ.

"ನನಗೆ ಅಂಗನವಾಡಿ ಕೆಲ್ಸ ಸಿಕ್ಕ ದಿನಾನೂ ಅಂದ್ರು ಸರ್, ಬಾಗಿಲು ತೆಗೆದೋರ ಕೈಗೆ ಬೀಗದಕೈ ಕೊಟ್ರಲ್ಲಪ್ಪಾ ಅಂತ."

ಕಲ್ಲನ್ನು ತೊಳೆದು, ಅಕ್ಷರದ ಸಾಲಿಗೆ ಸುಣ್ಣದ ಪುಡಿ ತೀಡಿದೆ. ಎಲ್ಲ ಸ್ಪಷ್ಟವಾಗಿತ್ತು. ‘ಬೊಪ್ಪಗವುಡಂ ಸೇವುಣರ ಪಡೆಗೆ ಬಾಗಿಲಂ ತೆಗೆಯೆ, ತಳಾರ ಹುಲಿಯಂ ಊರಳಿವಿನೊಳ್ ಕಾದಿ ತುರುವಂ ಮಗುಳ್ಚಿ ಸುರಲೋಕಪ್ರಾಪ್ತನಾದಂ.’ ಬಾಗಿಲು ತೆಗೆದವನು ಗೌಡ. ಊರು ಹಾಳಾಗುವಾಗ ಕಾದಾಡಿ, ದನಗಳನ್ನು ಬಿಡಿಸಿ ತಂದು ಸತ್ತವನು ತಳವಾರ ಹುಲಿಯ. ನನ್ನ ಜನ್ಮದಲ್ಲಿ ಇಂಥ ಶಾಸನ ಓದಿದ್ದಿಲ್ಲ.

ಗುಡ್ಡಮ್ಮನವರು ಸುಣ್ಣ ತೀಡಿದ ಆ ಸಾಲನ್ನು ಬೆರಳಿನಿಂದ ಸವರಿದರು. ಆಮೇಲೆ, "ನಮ್ಮ ಮನ್ಯಾರ ಹೆಸರು ಹುಲಿಯಪ್ಪ. ಅವರಜ್ಜನೂ ಹುಲಿಯಪ್ಪ. ಯಾಕಿಡ್ತಾರೋ ಗೊತ್ತಿರಲಿಲ್ಲ. ಇನ್ನೊಂದ್ಸಲ ಓದ್ರಿ ಸರ" ಎಂದರು. ಮೂರು ಸಲ ಓದಿಸಿಕೊಂಡರು. ಮೂರನೇ ಸಲಕ್ಕೆ ಸೆರಗು ಕಣ್ಣಿಗೆ ಹೋಯಿತು.

"ಪುಸ್ತಕದಲ್ಲಿ ಹೀಗೇ ಅಚ್ಚಾಗ್ತದಮ್ಮ. ಇದು ನನ್ನ ಮಾತು" ಎಂದೆ.

ಮನೆಗೆ ಬರುವಾಗ ಬಸ್ಸಿನಲ್ಲಿ ಯುರೋಪಿನ ಸರ್ಬಿಯಾದ ಚರಿತ್ರೆ ನೆನಪಾಯಿತು. ಮೂವತ್ತು ವರ್ಷ ಪಾಠ ಮಾಡಿದೆ, ಮೂವತ್ತು ವರ್ಷವೂ ಹುಡುಗರು ನಿದ್ದೆ ಮಾಡಿದರು. ಅಲ್ಲಿ ಬ್ರಾಂಕೋವಿಚ್ ಅಂತ ಒಂದು ಪಾಳೆಯಗಾರರ ಮನೆತನ. 1389ರಲ್ಲಿ ಕೊಸೊವೊ ಬಯಲಿನಲ್ಲಿ ತುರ್ಕರ ಜೊತೆ ಯುದ್ಧವಾಗಿ ದೊರೆ ಲಾಜಾರ್ ಸತ್ತ. ಅವನ ಅಳಿಯ ವುಕ್ ಬ್ರಾಂಕೋವಿಚ್ ಮಾವನಿಗೆ ಕೈಕೊಟ್ಟು ಓಡಿಹೋದ ಎಂದು ಅಲ್ಲಿಯ ಜನ ನೂರಾರು ವರ್ಷ ಹಾಡು ಕಟ್ಟಿ ಹಾಡಿದರು. ನಡೆದದ್ದೇನು? ಸತ್ತ ದೊರೆಯ ಮನೆಯವರೇ ಬೇಗ ಸುಲ್ತಾನನಿಗೆ ತಲೆಬಾಗಿದರು. ವುಕ್ ಮತ್ತೂ ಕೆಲವು ವರ್ಷ ಬಾಗದೆ ನಿಂತು, ಕೊನೆಗೆ ತುರ್ಕರ ಸೆರೆಯಲ್ಲಿ ಸತ್ತ. ಹಾಡು ಕಟ್ಟಿಸುವವರು ಯಾರೋ ಅವರ ಮನೆಯಲ್ಲಿ ದ್ರೋಹಿಗಳು ಹುಟ್ಟುವುದಿಲ್ಲ. ತೊರೆಮರಡಿಯಲ್ಲೂ ಆದದ್ದು ಅದೇ.

ನವೆಂಬರ್ 23, ಭಾನುವಾರ

ಮಲ್ಲೇಶಪ್ಪನವರಿಗೆ ಮುಖಕ್ಕೇ ಹೇಳಿದೆ. ಹೊಡೆಯುತ್ತಾರೇನೋ ಎಂದುಕೊಂಡಿದ್ದೆ. ಅವರು ಎಲೆ ಅಡಿಕೆ ಮಡಿಚಿ ಬಾಯಿಗಿಟ್ಟುಕೊಂಡರು. ಮಾತಾಡಿದ್ದು ಅವರ ಸೊಸೆ ಚೈತ್ರಶ್ರೀ. ಎಂ.ಎ. ಓದಿದ ಹೆಣ್ಣುಮಗಳು, ಮಾವನ ರಾಜಕೀಯವನ್ನೆಲ್ಲ ಅವರೇ ನೋಡಿಕೊಳ್ಳುವುದು.

"‘ತೆಗೆಯೆ’ ಅಂದ್ರೆ ‘ತೆಗೆದಾಗ’ ಅಂತ ಅಷ್ಟೇ ಅಲ್ವಾ ಸರ್? ಯಾಕೆ ತೆಗೆದ್ರು ಅಂತ ಕಲ್ಲು ಹೇಳಲ್ಲ. ಊರು ಉಳಿಸೋಕೂ ತೆಗೆದಿರಬಹುದಲ್ಲ?"

ವ್ಯಾಕರಣದ ದೃಷ್ಟಿಯಿಂದ ಪ್ರಶ್ನೆ ತಪ್ಪೇನಲ್ಲ. ಆದರೆ ಸತ್ಯ ಸತ್ಯವೇ ಎಂದೆ. "ಖಂಡಿತ ಸರ್, ನೀವು ಬರೆದದ್ದೇ ಅಚ್ಚಾಗೋದು" ಎಂದರು.

ಮಂಡಿ ಊದಿಕೊಂಡಿದ್ದರಿಂದ ವಾಪಸ್ಸು ಕಾರಿನಲ್ಲಿ ಬಂದೆ. ಬರುವಾಗ ಮಾತ್ರ.

ನವೆಂಬರ್ 30, ಭಾನುವಾರ

ಮೂರನೇ ಅಧ್ಯಾಯ ಬರೆದೆ. ‘ಬೊಪ್ಪಗೌಡನು ಬಾಗಿಲು ತೆಗೆದನು’ ಎಂಬ ವಾಕ್ಯ ಕಿವಿಗೆ ಒರಟಾಗಿ ಕೇಳಿಸಿತು. ‘ಬಾಗಿಲು ತೆಗೆಯಲ್ಪಟ್ಟಿತು’ ಎಂದು ತಿದ್ದಿದೆ. ಶಾಸ್ತ್ರೀಯ ಬರವಣಿಗೆಗೆ ಕರ್ಮಣಿ ಪ್ರಯೋಗವೇ ಶೋಭೆ. ಯಾರಿಂದ ಎಂಬುದು ವಿವೇಕಿಗಳಾದ ಓದುಗರಿಗೆ ತಿಳಿಯುತ್ತದೆ.

ಡಿಸೆಂಬರ್ 3, ಬುಧವಾರ

ಶಿವಮೊಗ್ಗದ ಮೂಳೆ ಡಾಕ್ಟರು. ಎರಡು ವಾರ ಕಾಯಬೇಕಾದ್ದನ್ನು ಮಲ್ಲೇಶಪ್ಪನವರು ಒಂದು ಫೋನಿನಲ್ಲಿ ಮಾಡಿಸಿದರು. ಕಾರೂ ಅವರದೇ. ರಾಜಕೀಯದವರು ಎಂದರೆ ಎಲ್ಲ ಕೆಟ್ಟವರೇ ಎನ್ನುವುದು ಓದಿದವರ ಒಂದು ರೋಗ.

ಡಿಸೆಂಬರ್ 9, ಮಂಗಳವಾರ

ಮಲ್ಲೇಶಪ್ಪ ಗೌಡರು ಒಂದು ವಿಷಯ ಹೇಳಿದರು. ಸ್ಮಾರಕಗಳ ರಕ್ಷಣೆಗೆ ಹೊಸದಾಗಿ ಒಂದು ಸಮಿತಿ ರಚನೆಯಾಗುತ್ತದಂತೆ. ಸದಸ್ಯರ ಪಟ್ಟಿಗೆ ನನ್ನ ಹೆಸರನ್ನು ಅವರು ಕೊಟ್ಟಿದ್ದಾರಂತೆ. ನಾನೇನೂ ಕೇಳಿರಲಿಲ್ಲ. ಆದರೆ ಕಲ್ಲುಗಳ ಭಾಷೆ ಬಲ್ಲವನು ಇಂಥ ಕಡೆ ಇರಬೇಕಾದದ್ದೇ. ಇಲ್ಲದಿದ್ದರೆ ಕಂಟ್ರಾಕ್ಟರುಗಳು ಹೋಗಿ ಕೂರುತ್ತಾರೆ.

ಮೂರನೇ ಅಧ್ಯಾಯವನ್ನು ಇನ್ನಷ್ಟು ಆಳವಾಗಿ ಯೋಚಿಸಿದೆ. ಆ ವುಕ್‌ನ ಮಗ ಜುರಾಜ್ ಬ್ರಾಂಕೋವಿಚ್‌ನನ್ನೇ ತೆಗೆದುಕೊಳ್ಳಿ. ಒಂದು ಕಡೆ ತುರ್ಕರು, ಇನ್ನೊಂದು ಕಡೆ ಹಂಗೇರಿಯವರು. ಒಮ್ಮೆ ಇವರ ಕಡೆ, ಒಮ್ಮೆ ಅವರ ಕಡೆ ಇದ್ದುಕೊಂಡು ನಾಡನ್ನು ಅಷ್ಟು ವರ್ಷ ಉಳಿಸಿದ. ಅದನ್ನು ರಾಜತಂತ್ರ ಎನ್ನುತ್ತಾರೆ. ಬೊಪ್ಪಗೌಡರ ನಡೆಯಲ್ಲೂ ಅಂಥ ದೂರದೃಷ್ಟಿ ಇತ್ತೆಂದು ಬರೆದೆ. ಸೇವುಣರ ಪಡೆ ಬಾಗಿಲು ಒಡೆದುಕೊಂಡೇ ಬಂದಿದ್ದರೆ ಸಾವು ನೋವು ಇನ್ನೂ ಹೆಚ್ಚಾಗುತ್ತಿರಲಿಲ್ಲವೇ?

ಗುತ್ಯಮ್ಮನಿಗೆ ಓದಿ ಹೇಳಿದೆ. "ಆ ತಳವಾರ ಎಲ್ಲಿ ಹೋದ?" ಎಂದಳು. ಅಡಿಟಿಪ್ಪಣಿಯಲ್ಲಿ ಇದ್ದಾನೆ ಎಂದೆ.

ಡಿಸೆಂಬರ್ 16, ಮಂಗಳವಾರ

ಗುಡ್ಡಮ್ಮನ ಸೊಸೆ ಇಲ್ಲಿಗೇ ಬಂದಿದ್ದಳು. ಶಿಕಾರಿಪುರದಲ್ಲಿ ಅವಳ ನೆಂಟರ ಮನೆಯಂತೆ. ಮನೆಯಲ್ಲಿ ಬೆಳೆದ ಅವರೆಕಾಯಿ ತಂದಿದ್ದಳು.

"ನಮ್ಮ ಕಲ್ಲಿನ ಪುಟ ಒಂದ್ಸಲ ತೋರಿಸ್ತೀರಾ ಸರ್? ಅತ್ತಿ ದಿನಾ ಕೇಳ್ತಾರೆ."

ಅಚ್ಚಿಗೆ ಹೋಗಿದೆ ಎಂದೆ. ಹೋಗಿರಲಿಲ್ಲ, ಆದರೆ ಹೋಗುವುದೇ ಇತ್ತು.

"ನೀವು ಓದಿದ್ದು ಹಂಗೇ ಇದೆ ಅಲ್ವಾ ಸರ್?"

ಸಂಶೋಧನೆ ಎಂದರೆ ಓದಿದ್ದನ್ನು ಹಾಗೇ ಬರೆಯುವುದಲ್ಲ, ಅದಕ್ಕೊಂದು ವಿಧಾನವಿದೆ, ಅನೇಕ ಆಯಾಮಗಳಿವೆ ಎಂದು ತಿಳಿಹೇಳಿದೆ. ಅವಳು ನನ್ನ ಮುಖವನ್ನೇ ನೋಡಿ, "ಕಲ್ಲಿಗೆ ಒಂದೇ ಮುಖ ಇತ್ತು ಸರ್" ಎಂದು ಎದ್ದುಹೋದಳು. ಎರಡಕ್ಷರ ಕಲಿತರೆ ಮಾತು ಎಷ್ಟು ಬರುತ್ತದೆ!

ಗುತ್ಯಮ್ಮ ಅವಳನ್ನು ಗೇಟಿನವರೆಗೆ ಕಳಿಸಲು ಹೋದವಳು ಅರ್ಧ ಗಂಟೆ ಬರಲಿಲ್ಲ.

ಡಿಸೆಂಬರ್ 22, ಸೋಮವಾರ

ನಮ್ಮ ಗೌಡರು ಮನೆಯ ಮುಂದೆ ಕಲ್ಲಿನ ಮಹಾದ್ವಾರ ಕಟ್ಟಿಸಿದ್ದಾರೆ. ಅದರ ಪಕ್ಕಕ್ಕೆ ವೀರಗಲ್ಲನ್ನು ತಂದು ನಿಲ್ಲಿಸುವ ಆಲೋಚನೆ. ಹೊಲದಲ್ಲಿ ಬಿಸಿಲು ಮಳೆಗೆ ಸವೆಯುವುದಕ್ಕಿಂತ ಇದು ಒಳ್ಳೆಯದೇ. ಇವತ್ತು ಜೆಸಿಬಿ ಹೋಗಿತ್ತು. ನಾನೂ ಇರಬೇಕಾಯಿತು.

ಆ ಮುದುಕಿ ಕಲ್ಲಿಗೆ ಬೆನ್ನು ಕೊಟ್ಟು ಕೂತುಬಿಟ್ಟಿದ್ದಳು. ಗೌಡರು ಸಮಾಧಾನವಾಗಿಯೇ ಹೇಳಿದರು: "ಕಲ್ಲು ನಮ್ಮ ಮನೆತನದ್ದು ಅಂತ ಸರ್ರೇ ಹೇಳ್ಯಾರೆ. ಕೇಳು ಬೇಕಾದ್ರೆ, ಇಲ್ಲೇ ಅದಾರೆ."

ಅವಳು ನನ್ನ ಕಡೆ ತಿರುಗಿ ಕಾದಳು.

ನಾನು ಹಾಗೆ ಹೇಳಿರಲಿಲ್ಲ. ಅಲ್ಲ ಎಂದೂ ಹೇಳಿರಲಿಲ್ಲ, ಅಷ್ಟೇ. ಜೆಸಿಬಿ ಇಂಜಿನ್ನಿನ ಸದ್ದಿನಲ್ಲಿ ಸೂಕ್ಷ್ಮವಾದ ಮಾತು ಆಡುವುದು ಹೇಗೆ? ಕನ್ನಡಕ ಒರೆಸಿಕೊಂಡೆ. ಆಮೇಲೆ ನೋಡಿದಾಗ ಅವಳು ತಾನೇ ಎದ್ದು, ಸೀರೆಯ ಮಣ್ಣು ಕೊಡವಿಕೊಂಡು, ಮನೆ ಕಡೆ ನಡೆದಿದ್ದಳು. ಯಾರೂ ಎಳೆದು ಎಬ್ಬಿಸಲಿಲ್ಲ. ಇದನ್ನು ಸ್ಪಷ್ಟವಾಗಿ ಬರೆದಿಡುತ್ತೇನೆ.

ಕೀಳುವಾಗ ಒಂದು ಮೂಲೆ ಚಕ್ಕೆ ಹಾರಿತು. ಅಕ್ಷರ ಇಲ್ಲದ ಮೂಲೆ.

ಜನವರಿ 7, ಬುಧವಾರ

ಸ್ವಲ್ಪ ಗೊಂದಲ. ಗೌಡರು ಪಕ್ಷ ಬದಲಾಯಿಸಿದ್ದಾರೆ. ಅಲ್ಲಿ ಟಿಕೆಟ್ ಖಾತ್ರಿಯಂತೆ. ಬಿಡುಗಡೆಗೆ ಬರುವ ಅತಿಥಿಗಳೂ ಬದಲು, ಹಾಗಾಗಿ ಮುನ್ನುಡಿಯ ಎರಡು ಪುಟ ಹೊಸದಾಗಿ ಅಚ್ಚು. ಚೈತ್ರಶ್ರೀ ಫೋನಿನಲ್ಲಿ, "ಕ್ಷಮಿಸಿ ಸರ್, ನಿಮಗೆ ಡಬ್ಬಲ್ ಕೆಲ್ಸ ಆಯ್ತು" ಎಂದರು. ಎಷ್ಟು ವಿನಯ! ಹೆಸರುಗಳನ್ನಷ್ಟೇ ಬದಲಿಸಬೇಕಾಗಿತ್ತು, ಹೊಗಳಿಕೆಯ ವಾಕ್ಯಗಳು ಹಾಗೇ ಕೂತುಕೊಂಡವು.

ಗುತ್ಯಮ್ಮನಿಗೆ ಹೇಳಲಿಲ್ಲ.

ಜನವರಿ 11, ಭಾನುವಾರ

ಗೌಡರ ಮಹಾದ್ವಾರದ ಮುಂದೆಯೇ ಬಿಡುಗಡೆ ಆಯಿತು. ಸಾವಿರ ಜನ. ಪೇಟ, ಶಾಲು, ಹಣ್ಣಿನ ಬುಟ್ಟಿ. ‘ನಾಡಿನ ಹೆಮ್ಮೆಯ ಸಂಶೋಧಕರು’ ಎಂದು ಮೂರು ಸಲ ಹೇಳಿದರು.

ನಾನು ಮಾತು ಮುಗಿಸುವ ಹೊತ್ತಿಗೆ ಗುಡ್ಡಮ್ಮ ಹೆಂಗಸರ ಸಾಲಿನಿಂದ ಎದ್ದು ನಿಂತಳು. ಮೈಕ್ ಇಲ್ಲದಿದ್ದರೂ ಎಲ್ಲರಿಗೂ ಕೇಳಿಸಿತು.

"ಸರ, ಕಲ್ಲೂ ಇಲ್ಲೇ ಐತಿ, ನೀವೂ ಇಲ್ಲೇ ಅದೀರಿ. ಅವತ್ತು ಅಮಾಸಿ ದಿನ ಓದಿದ್ರಲ್ಲ, ಅದನ್ನ ಈ ಜನ್ರ ಮುಂದ ಇನ್ನೊಂದ್ಸಲ ಓದ್ರಿ. ನಾನು ಮತ್ತೇನೂ ಕೇಳಂಗಿಲ್ಲ."

ಅಕ್ಷರಗಳು ಬಹಳ ಸವೆದಿವೆ, ಓದಿನ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯ ಇರಬಹುದು, ಹೆಚ್ಚಿನ ಅಧ್ಯಯನ ಆಗಬೇಕು ಎಂದೆ. ಹಿಂದಿನಿಂದ ಯಾರೋ, "ಬಾಗಿಲು ತೆಗೆದೋರಿಗೆ ಈಗ ಸ್ಟೇಜೂ ಬೇಕಂತೆ" ಎಂದ. ನಗು ಎದ್ದಿತು. ನಯನ ಅತ್ತೆಯ ಕೈ ಹಿಡಿದು ಹೊರಗೆ ಕರೆದುಕೊಂಡು ಹೋದಳು. ಅಷ್ಟು ಜನರ ನಡುವೆ ಹಾದುಹೋಗುವಾಗ ಮುದುಕಿ ತಲೆ ತಗ್ಗಿಸಲಿಲ್ಲ.

ಊಟ ಚೆನ್ನಾಗಿತ್ತು. ಗುತ್ಯಮ್ಮ ಎಲೆಯ ಮುಂದೆ ಕೂರದೆ ಕಾರಿನಲ್ಲಿ ಹೋಗಿ ಕೂತಿದ್ದಳು. ತಲೆನೋವಂತೆ.

ಜನವರಿ 12, ಸೋಮವಾರ

ಬರೆಯುವಂಥದ್ದು ಏನೂ ಇಲ್ಲ.

ಜನವರಿ 13, ಮಂಗಳವಾರ

ಏನೂ ಇಲ್ಲ.

ಜನವರಿ 27, ಮಂಗಳವಾರ

ಸಮಿತಿಯ ಪಟ್ಟಿ ಪತ್ರಿಕೆಯಲ್ಲಿ ಬಂದಿದೆ. ನನ್ನ ಹೆಸರಿಲ್ಲ. ಒಬ್ಬ ಕಂಟ್ರಾಕ್ಟರ್ ಇದ್ದಾನೆ. ಫೋನ್ ಮಾಡಿದರೆ ಚೈತ್ರಶ್ರೀ, "ಮಾವ ಹಳೇ ಪಕ್ಷದಲ್ಲಿದ್ದಾಗ ಕೊಟ್ಟ ಹೆಸರಲ್ವಾ ಸರ್, ಆ ಪಕ್ಷದೋರು ತೆಗೆದಿರಬೇಕು" ಎಂದಳು. ಮಲ್ಲೇಶಪ್ಪ ಫೋನಿಗೇ ಬರಲಿಲ್ಲ.

ಟಿಕೆಟ್ಟೂ ಅವನ ಕೈ ತಪ್ಪುತ್ತದಂತೆ. ಆನವಟ್ಟಿಯ ವ್ಯಾಪಾರಸ್ಥ ರಾಜಕುಮಾರ್ ಹೆಸರು ಓಡುತ್ತಿದೆ. ಆಗಬೇಕಾದದ್ದೇ. ಏಳು ನೂರು ವರ್ಷದಿಂದ ಪಾದ ಹುಡುಕುತ್ತಲೇ ಇರುವ ವಂಶ. ಇಂಥವನ ಪಡಸಾಲೆಯಲ್ಲಿ ಅಷ್ಟು ಭಾನುವಾರ ಹಾಳುಮಾಡಿದೆನಲ್ಲ!

ಫೆಬ್ರವರಿ 3, ಮಂಗಳವಾರ

ರಾಜಕುಮಾರ್ ಅವರೇ ಮನೆಗೆ ಬಂದಿದ್ದರು. ಸಜ್ಜನರು. ಚಪ್ಪಲಿ ಹೊರಗೆ ಬಿಟ್ಟು, ಗುತ್ಯಮ್ಮನಿಗೂ ನಮಸ್ಕಾರ ಮಾಡಿ ಕೂತರು. ಅವಳು ಕಾಫಿ ಮಾಡಲು ಏಳಲೇ ಇಲ್ಲ.

"ಆ ವೀರಗಲ್ಲಲ್ಲಿ ಬೇರೆಯೇ ಇದೆಯಂತಲ್ಲ ಸರ್. ಬಾಗಿಲು ತೆಗೆದದ್ದು ಮಲ್ಲೇಶಪ್ಪನ ವಂಶದೋನು ಅಂತ. ನೀವು ಒಂದು ಸಣ್ಣ ಪುಸ್ತಕ ಬರೀರಿ. ಚುನಾವಣೆ ಒಳಗೆ ಬಂದ್ರೆ ಜನಕ್ಕೆ ಸತ್ಯ ಗೊತ್ತಾಗ್ತದೆ."

ಎದೆ ಹಗುರಾಯಿತು. ಸತ್ಯಕ್ಕೆ ಒಂದು ದಿನ ಕಾಲ ಬರುತ್ತದೆ ಎಂದು ಮೊದಲಿನಿಂದಲೂ ಹೇಳುತ್ತಾ ಬಂದವನು ನಾನು. ಹೊರಗಿನ ಒತ್ತಡಗಳಿಂದ ಸ್ವಲ್ಪ ತಡವಾಯಿತು, ಅಷ್ಟೇ. ಕಲ್ಲು ಏನು ಹೇಳುತ್ತದೋ ಅದನ್ನೇ ಬರೆಯುತ್ತೇನೆ ಎಂದೆ. ಜೊತೆಗೆ ಆ ಮನೆಯವರ ಒಂದು ಫೋಟೋ ಇದ್ದರೆ ಪುಸ್ತಕಕ್ಕೆ ತೂಕ ಬರುತ್ತದೆ ಎಂದು ಅವರ ಅಭಿಪ್ರಾಯ. ಸರಿಯಾದದ್ದೇ.

ಅವರು ಹೋದಮೇಲೆ ಗುತ್ಯಮ್ಮ ಬಟ್ಟೆ ತುಂಬಿಕೊಂಡು ಚಂದ್ರಗುತ್ತಿಯ ತಮ್ಮನ ಮನೆಗೆ ಹೊರಟಳು. ಎಷ್ಟು ದಿನ ಎಂದರೆ ಹೇಳಲಿಲ್ಲ. ಹೆಂಗಸರಿಗೆ ಈ ವಯಸ್ಸಿನಲ್ಲಿ ತವರಿನ ನೆನಪು ಬರುತ್ತದೆ.

ಫೆಬ್ರವರಿ 8, ಭಾನುವಾರ

ರಾಜಕುಮಾರ್ ಅವರ ಕಾರಿನಲ್ಲಿ ತೊರೆಮರಡಿಗೆ ಹೋದೆ. ಅವರು ಕಾರಿನಲ್ಲೇ ಕೂತರು. ನಾನೊಬ್ಬನೇ ಗುಡ್ಡಮ್ಮನವರ ಮನೆಗೆ ನಡೆದೆ. ಅವರು ಅಂಗಳದಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ಬೇರೆ ಮಾಡುತ್ತಿದ್ದರು. ನಯನ ಒಳಗಿನಿಂದ ನೋಡಿದರು, ಹೊರಗೆ ಬರಲಿಲ್ಲ. ಗುಡ್ಡಮ್ಮನವರು ಎದ್ದು ಒಂದು ಚೊಂಬು ನೀರು ತಂದಿಟ್ಟರು. ಕೂರಿ ಎನ್ನಲಿಲ್ಲ.

ಸಂತೋಷದ ಸುದ್ದಿ ತಂದಿದ್ದೇನೆ ಎಂದೆ. ಕಲ್ಲಿನಲ್ಲಿದ್ದದ್ದು ಇದ್ದ ಹಾಗೇ ಅಚ್ಚಾಗುತ್ತದೆ, ನಿಮ್ಮ ಹುಲಿಯಜ್ಜನ ಹೆಸರು ಮೊದಲ ಪುಟದಲ್ಲೇ ಇರುತ್ತದೆ, ಸೊರಬ ತಾಲ್ಲೂಕಿನ ಮನೆಮನೆಗೂ ಹಂಚುತ್ತಾರೆ ಎಂದೆಲ್ಲ ವಿವರಿಸಿದೆ.

ಅವರು ಕುಟ್ಟುವುದನ್ನು ನಿಲ್ಲಿಸಲಿಲ್ಲ. "ಯಾರು ಹಂಚ್ತಾರೆ?"

ಹೇಳಿದೆ.

ಗುಡ್ಡಮ್ಮನವರು ತಲೆಯೆತ್ತಿ ರಸ್ತೆಯ ಕಡೆ, ಕಾರಿನ ಕಡೆ ನೋಡಿದರು. "ಹಂಗಾದ್ರೆ ನಮ್ಮಜ್ಜ ಈಗ ಯಾವ ಪಕ್ಷ ಸರ?"

ಹಾಗಲ್ಲಮ್ಮ, ಇದು ಇತಿಹಾಸ, ಇದಕ್ಕೆ ಪಕ್ಷವಿಲ್ಲ ಎಂದೆ.

"ಬ್ಯಾಡ್ರಿ ಸರ. ಅವ ಹೆಂಗ ಸತ್ತ ಅಂತ ನಮಗ ಗೊತ್ತಾತು, ನಮ್ಮ ಮನಿ ಮಕ್ಕಳಿಗೂ ಹೇಳೀವಿ. ಅಷ್ಟು ಸಾಕು. ನಿಮ್ಮ ಕೈಯಾಗ ಅವನ ಹೆಸರು ಬರೀಬ್ಯಾಡ್ರಿ." ಆಮೇಲೆ ಮೆತ್ತಗೆ, "ನೀರು ಕುಡೀರಿ, ಬಿಸಿಲಾಗ ಬಂದೀರಿ" ಎಂದರು.

ಕುಡಿದೆ. ಪಾಪ, ಓದುಬರಹ ಇಲ್ಲದ ಜೀವ, ನೊಂದಿದ್ದಾರೆ. ಸಂಶೋಧನೆಯ ಮಹತ್ವ ಅವರಿಗೆ ಹೇಗೆ ತಿಳಿಯಬೇಕು? ಸತ್ಯ ಒಬ್ಬರ ಅನುಮತಿಗಾಗಿ ಕಾಯುತ್ತಾ ಕೂರಲು ಆಗುವುದಿಲ್ಲ. ಚುನಾವಣೆ ಬೇರೆ ಹತ್ತಿರ ಬಂದಿದೆ.

ಕಾರು ಹತ್ತಿದೊಡನೆ ರಾಜಕುಮಾರ್ ಅವರು, "ಏನಂದ್ರು ಸರ್ ಅಜ್ಜಿ?" ಎಂದರು.

"ಭಾಳ ಸಂತೋಷಪಟ್ಟರು" ಎಂದೆ.